ಗಾಡಿ ಬರೋಕಿಂತ ಮೊದಲ ಆರು ತಿಂಗಳು ಕಂತು ಕಟ್ಟಿದ್ವಿ

ಮೊನ್ನೆ ಸಂಕ್ರಾಂತಿಗೆ ತವರುಮನಿಗೆ ಹೋದಾಗ ನಮ್ಮ ತಮ್ಮ ಕೇಳಿದ, "ಅಕ್ಕಾ, ಎಷ್ಟ ಸಾಲ ಮಾಡಿದ್ರಿ, ಬಡ್ಡಿ ಎಷ್ಟು, ನಾನೂ ಒಂದ ಗಾಡಿ ನೋಡಾಕತ್ತೀನಿ" ಅಂತ. ಅವಗ ಹೇಳಕೋತ ಕುಂತ್ರ ಎರಡ ತಾಸ ಹೋತು, ಆಮ್ಯಾಲ ಅವನ ಹೆಂಡ್ತಿಗೆ ಮತ್ತ ಮೊದಲಿಂದ ಹೇಳಬೇಕಾತು, ಅದಕ್ಕ ಒಮ್ಮೆ ಬರದ ಇಟ್ಟಬಿಡೂಣು ಅಂತ ಕುಂತೀನಿ. ಉದ್ದ ಆಗ್ತೈತಿ, ಲೆಕ್ಕಾನೂ ಭಾಳ ಐತಿ. ನಾ ಗಣಿತ ಕಲಸಾಕಿ, ಏನ ಮಾಡೋದು.

ನಾ ಜಮಖಂಡಿ ತಾಲೂಕಿನ ಒಂದ ಸರ್ಕಾರಿ ಸಾಲಿಯೊಳಗ ಇದ್ದೀನಿ, 6ನೇತ್ತಾದಿಂದ 8ನೇತ್ತಾ ತನಕ ಗಣಿತ. ನಮ್ಮ ಮನಿಯವರದು ಒಕ್ಕಲುತನ, ಮೂರ ಎಕರೆ ಕಬ್ಬು. ಮನಿಯಾಗ ಅತ್ತಿ, ಇಬ್ಬರು ಹುಡುಗ್ರು. ಕಾರು 2010ರದು, ಸಣ್ಣದು, ಮಾವಾರು ಇದ್ದಾಗ ತಗೊಂಡದ್ದು. 2025ರ ಮಾರ್ಚ್‌ದಾಗ ಅತ್ತಿಗೆ ಹಾರ್ಟ್ ತೋರಸಾಕ ಮಿರಜಕ್ಕ ಹೊಂಟಿದ್ವಿ. ನಮ್ಮ ಕಡೆ ದೊಡ್ಡ ದವಾಖಾನಿ ಅಂದ್ರ ಮಿರಜನ, ಬೆಳಗಾವಿ ಆಮ್ಯಾಲ. ಅಥಣಿ ದಾಟಿದ್ವಿ, ಕಾಗವಾಡ ದಾಟಿದ್ವಿ, ಮ್ಹೈಸಾಳ ಇನ್ನೂ ಬಂದಿರಲಿಲ್ಲ, ಗಾಡಿಯೊಳಗ ಏನೋ ಸುಟ್ಟ ವಾಸನಿ, ಎಕ್ಸಲೇಟರ್ ಒತ್ತಿದ್ರ ಇಂಜಿನ್ ಬರ್ರ್ ಅಂತೈತಿ ಗಾಡಿ ಮಾತ್ರ ಮುಂದ ಹೋಗವಲ್ದು. ಕ್ಲಚ್ ಪ್ಲೇಟ್ ಹೋಗಿತ್ತು. ಅತ್ತಿ ಬೇವಿನ ಗಿಡದ ಬುಡಕ ತಲಿಮ್ಯಾಲ ಸೆರಗ ಹೊತ್ತ ಮೂರ ತಾಸ ಕುಂತಿದ್ಲು. ಒಂದ ಮಾತ ಬೈಯಲಿಲ್ಲ. ಬೈದಿದ್ರ ಚಲೋ ಇರ್ತಿತ್ತು. ಡಾಕ್ಟರ್ ನಂಬರ್ ತಪ್ಪಿತು, ಟೋಯಿಂಗಿಗೆ ಬ್ಯಾರೆ, ರಿಪೇರಿಗೆ ಬ್ಯಾರೆ, ಎಲ್ಲಾ ಕೂಡಿ 14 ಸಾವಿರ.

ಅದರ ಮ್ಯಾಲ ಆಗಸ್ಟ್‌ಕ್ಕ ಆರ್‌ಸಿ ಮುಗಿತಿತ್ತು. ಖಾಸಗಿ ಗಾಡಿಗೆ 15 ವರ್ಷ ಅಷ್ಟ, ಆಮ್ಯಾಲ ಆರ್‌ಟಿಓಕ್ಕ ಒಯ್ದು ತೋರಿಸಿ ಫಿಟ್‌ನೆಸ್ ಮಾಡಿಸಿ ಮತ್ತ 5 ವರ್ಷಕ್ಕ ರಿನಿವಲ್ ಮಾಡಸಬೇಕು. ರಿನಿವಲ್ ಫೀನ 5,000, ಮ್ಯಾಲ ಹಸಿರು ತೆರಿಗಿ, ಟೈರ್ ನಾಕೂ ಬೋಳ ಆಗಿದ್ದು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟೂ ಹಾಕ್ಸಿರಲಿಲ್ಲ. ಮೆಕ್ಯಾನಿಕ್ ಲೆಕ್ಕಾ ಹಾಕಿ "ಅಕ್ಕಾರ, 40 ಸಾವಿರ ಹಿಡೀರಿ, ಆಮ್ಯಾಲೂ ಮಿರಜಕ್ಕ ಹೋಗ್ರಿ ಅಂತ ನಾ ಹೇಳೂದಿಲ್ಲ" ಅಂದ. ಅಲ್ಲಿಗೆ ಗಾಡಿ ಬದಲಿ ಮಾಡೋದಂತೂ ಖರೇ ಆತು. ಹೊಸದೋ ಹಳೇದೋ, ರೊಕ್ಕಾ ಎಲ್ಲಿಂದ, ಇದ ಪ್ರಶ್ನೆ.

ನಮ್ಮ ಮನಿಯವರದು ಒಂದ ಮಾತು, "ಕಬ್ಬಿನ ಬಿಲ್ ಬರಲಿ." ಈ ಮಾತ ನಾ ಮದುವಿ ಆದಾಗಿಂದ ಕೇಳಾಕತ್ತೀನಿ, ಸಿಂಕಿಗೆ ನಳ ಹಾಕಸೂಣು ಅಂದ್ರೂ ಕಬ್ಬಿನ ಬಿಲ್ ಬರಲಿ. ಕಬ್ಬು ಕಳಿಸಿ 14 ದಿನದೊಳಗ ರೊಕ್ಕಾ ಕೊಡಬೇಕಂತ 1966ರ ಕಬ್ಬು ನಿಯಂತ್ರಣ ಆದೇಶದಾಗನ ಐತಿ, ಆದ್ರ ನಮ್ಮ ಬಿಲ್ಲು ಒಮ್ಮೆ ಒಂದ ತಿಂಗಳು ಒಮ್ಮೆ ನಾಕ ತಿಂಗಳು, ಒಂದ ವರ್ಷ ಮುಂದಿನ ಯುಗಾದಿ ದಾಟಿ ಬಂದಿತ್ತು. ಅವರ ರೊಕ್ಕಾ ವರ್ಷಕ್ಕೊಮ್ಮೆ ಬರೋದು, ನನ್ನ ಪಗಾರ ತಿಂಗಳಿಗೊಮ್ಮೆ ಬರೋದು, ಬ್ಯಾಂಕಿನವರಿಗೆ ಬೇಕಾಗಿದ್ದು ತಿಂಗಳಿಗೊಮ್ಮೆ. ಅಂದ ಮ್ಯಾಲ ಕಂತು ಯಾರ ತಲಿಮ್ಯಾಲ ಬೀಳ್ತೈತಿ ಅನ್ನೋದು ಕೇಳೋದ ಬ್ಯಾಡ.

ನಂಗ ಕೈಗೆ ಬರೋದು 56 ಸಾವಿರ. ಯೂಟ್ಯೂಬ್‌ದಾಗ ಒಬ್ಬಾವ ಪಗಾರದ 10 ಪರ್ಸೆಂಟ್ ದಾಟಬಾರದು ಅಂತಾನ, ಇನ್ನೊಬ್ಬ 20 ಅಂತಾನ, ಬ್ಯಾಂಕಿನವರು ಕೇಳಿದ್ರ 25 ಸಾವಿರ ಕಂತು ಆದ್ರೂ ಕೊಡ್ತೀವಿ ಮೇಡಮ್ ಅಂತಾರ. ಯಾರ್ದ ಕೇಳೋದು? ನಾ ಅಂದೆ, ಗಾಡಿ ಬಂದದ ಅಂತ ತಿಳ್ಕೊಂಡು ಇವತ್ತಿಂದನ ಕಂತು ಕಟ್ಟೂಣು, ಕಟ್ಟಾಕ ಆಗ್ತೈತೋ ಇಲ್ಲೋ ನೋಡೂಣು.

ನಮ್ಮ ಓಣಿಗೆ ಸೊಸಾಯಿಟಿ ಪಿಗ್ಮಿಯವ ದಿನಾ ಸಂಜಿಗೆ ಬರ್ತಾನ, ಕೈಯಾಗ ಸಣ್ಣ ಮಷಿನ್, ಚೀಟಿ ಹರದ ಕೊಡ್ತಾನ. ಆರ್‌ಡಿ ಆದ್ರ ತಿಂಗಳಾ ಇಷ್ಟ ಅಂದ್ರ ಇಷ್ಟ ತುಂಬಬೇಕು, ಪಿಗ್ಮಿಗೆ ಹಂಗಿಲ್ಲ, ಇದ್ದಷ್ಟ ಹಾಕಬಹುದು, ನಂಗ ಬೇಕಾಗಿದ್ದೂ ಅದ, ಎಷ್ಟ ಉಳಿತೈತಿ ಅನ್ನೋದು ಸುಳ್ಳ ಇಲ್ದ ಗೊತ್ತಾಗ್ತೈತಿ. ದಿನಾ 400, ತಿಂಗಳಿಗೆ 12 ಸಾವಿರ ಅಂತ ಏಪ್ರಿಲ್ 1ಕ್ಕ ಸುರು ಮಾಡಿದ್ವಿ. ಏಪ್ರಿಲ್ 12 ಸಾವಿರ, ಮೇ 12 ಸಾವಿರ. ನಾ ಒಳಗೊಳಗ ಹಿಗ್ಗಿದೆ, ಇನ್ನೊಂದಿಷ್ಟ ದೊಡ್ಡ ಗಾಡೀನ ನೋಡಬಹುದು ಅಂತ. ಜೂನ್ ಬಂತು. ಹುಡುಗ್ರ ಫೀ, ಪುಸ್ತಕ, ಯೂನಿಫಾರ್ಮ್, ಬೂಟು, ಅದರಾಗ ಬಿತ್ತಿಗಿ ಗೊಬ್ಬರಕ್ಕ ಅವರು "ಒಂದ 8 ಸಾವಿರ ಇದ್ರ ಕೊಡು" ಅಂದ್ರು. ಆ ತಿಂಗಳು ಪಿಗ್ಮಿಗೆ ಬಿದ್ದದ್ದು 5 ಸಾವಿರ. ಪಿಗ್ಮಿಯವ ಬಂದಾಗ ನಾ ಒಳಗಿಂದ "ನಾಳೆ ಬಾರಪ್ಪಾ" ಅಂತ ಕೂಗಾಕತ್ತಿದ್ದೆ. ಜುಲೈದಾಗ 9 ಸಾವಿರ, ಆಗಸ್ಟ್‌ದಾಗ ಶ್ರಾವಣ, ಪಂಚಮಿಗೆ ನಾದಿನಿ ಬಂದಾಗಿನ ಸೀರಿ, ಅದು ಇದು ಹೋಗಿ 8 ಸಾವಿರ, ಸೆಪ್ಟೆಂಬರ್‌ದಾಗ 11 ಸಾವಿರ. ಒಟ್ಟ 57 ಸಾವಿರ. ಆರರಿಂದ ಭಾಗಿಸಿದ್ರ 9,500.

ನಾ ಗೋಡಿಮ್ಯಾಲಿನ ಕ್ಯಾಲೆಂಡರದಾಗ ಆ 9,500 ಅನ್ನೋದನ್ನ ಕೆಂಪ ಪೆನ್ನಿನಾಗ ಬರದಿಟ್ಟೆ. ಆಮ್ಯಾಲ ಯಾರ ಏನ ಹೇಳಿದ್ರೂ ಅದಕ್ಕ ಹಚ್ಚಿ ನೋಡೋದು.

ಈಗ ಹಿಂದ ಹೋಗಿ ಜುಲೈದ ಕಥಿ ಹೇಳ್ತೀನಿ. ಮೊದಲ ನಮ್ಮ ತಲಿಯಾಗ ಇದ್ದದ್ದು ಹಳೆ ಗಾಡೀನ, ನಾಕ ವರ್ಷದ್ದು ಸಿಕ್ರ ಸಾಕು ಅಂತ. ಒಂದ ರವಿವಾರ ವಿಜಯಪುರಕ್ಕ ಹೋದ್ವಿ. ಚಿಕ್ಕಪಡಸಲಗಿ ಹೊಳಿ ದಾಟುವಾಗ ಅವರು ಯಾವಾಗಲೂ ಹೇಳೋದು ಮತ್ತ ಹೇಳಿದ್ರು, ಈ ಬ್ಯಾರೇಜ್ ರೈತರು ತಾವ ವಂತಿಗಿ ಹಾಕಿ 1989ರಾಗ ಕಟ್ಟಿದ್ದು ಅಂತ. ನಾ ಅಂದೆ, ಹಂಗಾರ ಊರಾಗ ವಂತಿಗಿ ಎತ್ತಿ ನಮಗೂ ಒಂದ ಗಾಡಿ ಕೊಡಸ್ರಿ.

ಅಲ್ಲಿ ಹಳೆ ಗಾಡಿ ಮಾರೋರ ಹತ್ರ ಒಂದು 2021ರ ಗಾಡಿ ಮನಸಿಗೆ ಬಂತು, ಪೆಟ್ರೋಲ್, ಕೆಎ-28, ಒಬ್ಬರ ಕೈಯಾಗ ಓಡಿದ್ದು. 5 ಲಕ್ಷ ಹೇಳಿದ್ರು. ನಮ್ಮ ಹತ್ರ ಒಂದೂವರಿ ಲಕ್ಷ ಎಫ್‌ಡಿ ಇತ್ತು, ಉಳಿದ ಮೂರೂವರಿಗೆ ಸಾಲ. ಅಲ್ಲೇ ಒಂದ ಟೇಬಲ್ ಹಾಕ್ಕೊಂಡು ಫೈನಾನ್ಸ್ ಕಂಪನಿ ಹುಡುಗ ಕುಂತಿದ್ದ. "ಬರೇ 8 ಪರ್ಸೆಂಟ್ ಅಕ್ಕಾರ, ಬ್ಯಾಂಕಿನ್ಯಾಗೂ ಇಷ್ಟ ಕಡಿಮಿ ಸಿಗೂದಿಲ್ಲ, ನಾಕ ವರ್ಷ, ತಿಂಗಳಿಗೆ 9,625, ಇವತ್ತ ಸಹಿ ಮಾಡಿದ್ರ ನಾಡದು ಗಾಡಿ ಒಯ್ರಿ." ಬ್ಯಾಂಕಿನವರು ಹಳೆ ಗಾಡಿಗೆ ಹೊಸದಕ್ಕಿಂತ ಹೆಚ್ಚ ಬಡ್ಡಿ ಹಾಕೋದು ನಂಗ ಗೊತ್ತಿತ್ತು, ಇವ 8ಕ್ಕ ಹೆಂಗ ಕೊಡ್ತಾನ?

ಬ್ಯಾಗಿನಾಗ ಮಕ್ಕಳ ಟೆಸ್ಟ್ ಪೇಪರ್ ಇದ್ದು, ಒಂದರ ಹಿಂದ ಲೆಕ್ಕಾ ಮಾಡಿದೆ. ಮೂರೂವರಿ ಲಕ್ಷಕ್ಕ 8ರಂಗ ಒಂದ ವರ್ಷಕ್ಕ 28 ಸಾವಿರ, ನಾಕ ವರ್ಷಕ್ಕ 1 ಲಕ್ಷ 12 ಸಾವಿರ, ಅಸಲು ಕೂಡಿಸಿದ್ರ 4 ಲಕ್ಷ 62 ಸಾವಿರ, 48ರಿಂದ ಭಾಗಿಸಿದ್ರ 9,625. ಸರಿಯಾಗಿ ಬಂತು. ಅಸಲು ಗುಣಿಲೆ ದರ ಗುಣಿಲೆ ಅವಧಿ ಭಾಗಿಲೆ ನೂರು, ಇದು ನಾ 7ನೇತ್ತಾ ಮಕ್ಕಳಿಗೆ ಕಲಸೋ ಸರಳ ಬಡ್ಡಿ! ಅಂದ್ರ ಏನಾತು, ಎರಡ ವರ್ಷ ಕಂತು ಕಟ್ಟಿ ಅರ್ಧಾ ಅಸಲು ನಾ ತಿರುಗಿ ಕೊಟ್ಟಿರ್ತೀನಿ, ಆದ್ರೂ ಬಡ್ಡಿ ಮಾತ್ರ ಪೂರಾ ಮೂರೂವರಿ ಲಕ್ಷದ ಮ್ಯಾಲ ಬೀಳಾಕತ್ತಿರ್ತೈತಿ. ಇದಕ್ಕ ಅವರು ಫ್ಲ್ಯಾಟ್ ರೇಟ್ ಅಂತಾರ. ಬ್ಯಾಂಕಿನವರದು ರೆಡ್ಯೂಸಿಂಗ್, ಉಳಿದ ಬಾಕಿಗೆ ಅಷ್ಟ ಬಡ್ಡಿ. ಎರಡನ್ನೂ ಒಂದ ತಕ್ಕಡಿಯಾಗ ತೂಗಬೇಕಂದ್ರ ಮೊಬೈಲಿನ ಇಎಂಐ ಕ್ಯಾಲ್ಕುಲೇಟರ್ ತಗದು ಮೂರೂವರಿ ಲಕ್ಷ, 48 ತಿಂಗಳು ಹಾಕಿ, ಬಡ್ಡಿ ಜಾಗಾದಾಗ ಒಂದೊಂದ ಅಂಕಿ ಹಾಕಿ ನೋಡಬೇಕು, ಕಂತು 9,625 ಯಾವಾಗ ಬರ್ತೈತಿ ಅಂತ. 14 ಹಾಕಿದೆ, 9,564 ಬಂತು. 14.5 ಹಾಕಿದೆ, 9,652. ಅಂದ್ರ ಅವನ 8 ಅನ್ನೋದು ಖರೇ 14ರ ಮ್ಯಾಲಿಂದು. ಆ ಹುಡುಗಗ ತೋರಿಸಿದೆ. ಅವ ನಕ್ಕ, "ಅಕ್ಕಾರ, ಎಲ್ಲಾರೂ ಕಂತು ಎಷ್ಟಂತ ಕೇಳ್ತಾರ, ನೀವ ಮೊದಲನೇದವರು ಇದನ್ನ ಕೇಳಿದವರು" ಅಂದ. ಅವನ ತಪ್ಪಿಲ್ಲ ಬಿಡ್ರಿ, ಅವಗೂ ಟಾರ್ಗೆಟ್ ಇರ್ತೈತಿ. "ನಡುವ ರೊಕ್ಕಾ ಬಂದ್ರ ಒಂದಿಷ್ಟ ಕಟ್ಟಬಹುದೇನು" ಅಂದ್ರ ವರ್ಷದ ತನಕ ಇಲ್ಲ, ಆಮ್ಯಾಲ ಕಟ್ಟಿದ್ದರ ಮ್ಯಾಲ 5 ಪರ್ಸೆಂಟ್ ದಂಡ ಅಂದ. ಕಬ್ಬಿನವರಿಗೆ ಅದ ಮುಖ್ಯ, ಅದನ್ನ ಅವ ಕೇಳೂ ತನಕ ಹೇಳಿರಲಿಲ್ಲ.

ಅಷ್ಟಾದ್ರೂ ಗಾಡಿ ಮನಸಿನಾಗಿಂದ ಹೋಗಲಿಲ್ಲ, ಬ್ಯಾಂಕ್ ಸಾಲಾ ಮಾಡೂಣು ಅಂದ್ಕೊಂಡು ಮನಿಗೆ ಬಂದು ಎಂಪರಿವಾಹನ್ ಆ್ಯಪಿನಾಗ ನಂಬರ್ ಹಾಕಿ ನೋಡಿದ್ರ ಆರ್‌ಸಿ ಮ್ಯಾಲ ಇನ್ನೂ ಫೈನಾನ್ಸರ್ ಹೆಸರ ಕುಂತಿತ್ತು. ಫೋನ್ ಮಾಡಿದ್ರ "ಸಾಲ ಎರಡ ವರ್ಷದ ಹಿಂದನ ತೀರೈತಿ, ಕಾಗದ ಆಮ್ಯಾಲ ಕೊಡ್ತೀವಿ" ಅಂದ್ರು. ಸಾಲ ತೀರಿದ್ರ ಬ್ಯಾಂಕಿನ ಎನ್‌ಓಸಿ (ಬಾಕಿ ಇಲ್ಲ ಅನ್ನೂ ಕಾಗದ), ಫಾರ್ಮ್ 35 ಎರಡೂ ಇರಬೇಕು, ಅದನ್ನ ಆರ್‌ಟಿಓಕ್ಕ ಕೊಟ್ಟು ಹೆಸರ ತಗಸಿದ ಮ್ಯಾಲನ 29, 30 ಫಾರ್ಮ್ ಹಾಕಿ ನಮ್ಮ ಹೆಸರಿಗೆ ಮಾಡಸೋದು. ಕಾಗದ ಇಲ್ದ ಅಡ್ವಾನ್ಸ್ ಕೊಡೂದಿಲ್ಲ ಅಂದೆ. ಇನ್ನೂ ಕಳಸಾಕತ್ತಾರ. ಮಹಾರಾಷ್ಟ್ರದ ಸಾಂಗ್ಲಿಯಾಗ ಎಂಎಚ್-10 ಗಾಡಿ 50 ಸಾವಿರ ಸಸ್ತಾ ಐತಿ ಅಂತ ನಮ್ಮ ಮನಿಯವರ ಗೆಳೆಯಾ ಒಬ್ಬ ಬೆನ್ನ ಹತ್ತಿದ್ದ, ಅಲ್ಲಿಂದ ಎನ್‌ಓಸಿ ತಂದು ಇಲ್ಲಿ ಟ್ಯಾಕ್ಸ್ ಕಟ್ಟಿ ನಂಬರ್ ಬದಲಿ ಮಾಡಸೂದ್ರಾಗ ಆ 50 ಸಾವಿರ ಉಳಿಯೂದಿಲ್ಲ ಅಂತ ಬಿಟ್ವಿ.

ಅದ ಗೆಳೆಯಾ ಇನ್ನೊಂದ ಉಪಾಯ ಹೇಳಿದ. ಸೊಸಾಯಿಟಿಯಾಗ ಬೆಳೆ ಸಾಲ 5 ಲಕ್ಷದ ತನಕ ಬಡ್ಡಿ ಇಲ್ಲ, ಅದನ್ನ ತಗೊಂಡು ಗಾಡಿ ತಗೋ, ಯಾರ ಬಂದ ನೋಡ್ತಾರ ಅಂತ. ಬೆಳೆ ಸಾಲ ವರ್ಷದೊಳಗ ಪೂರಾ ತಿರುಗಿ ಕಟ್ಟಬೇಕು, ಒಂದ ದಿನ ತಪ್ಪಿದ್ರ ಆ ಬಡ್ಡಿ ಇಲ್ಲದ್ದು ಹೋಗಿ ಪೂರಾ ಬಡ್ಡಿ ಬೀಳ್ತೈತಿ, ಕಬ್ಬಿನ ಬಿಲ್ ಹೆಂಗ ಬರ್ತೈತಿ ಅನ್ನೋದು ಮ್ಯಾಲ ಹೇಳೀನಿ. ಮತ್ತ ಅದು ಬೆಳಿಗೆ ಕೊಡೂ ರೊಕ್ಕಾ. ನಮ್ಮ ಮನಿಯವರ ಇದಕ್ಕ ಸಟ್ ಅಂತ ಬ್ಯಾಡ ಅಂದ್ರು, ಚಲೋ ಆತು.

ನಾ ಖರೇವಂದ್ರನೂ ಡೋಲಾಯಮಾನ ಆಗಿದ್ದು ಬಂಗಾರದ ಸಾಲಕ್ಕ. ಆಗಸ್ಟ್‌ದಾಗ ತೊಲಿಗೆ 1 ಲಕ್ಷದ ಹತ್ತರ ಇತ್ತು, ಬ್ಯಾಂಕಿನವರು ಆಗ ಕಿಮ್ಮತ್ತಿನ 75 ಪರ್ಸೆಂಟ್ ತನಕ ಕೊಡ್ತಿದ್ರು. ಅತ್ತಿ ತಾನ ಎದ್ದ ಹೋಗಿ ಟ್ರಂಕ್ ತಗದು ತನ್ನ ಬಂಗಾರದ ಬಳಿ, ಪಾಟ್ಲಿ ಗಂಟು ತಂದ ನನ್ನ ಮುಂದ ಇಟ್ಲು, ನಾಕ ತೊಲಿ. ಮೂರ ಲಕ್ಷ ಆಗ್ತೈತಿ, ತಿಂಗಳಾ ಕಂತಿನ ಕಾಟ ಇಲ್ಲ, ವರ್ಷಕ್ಕೊಮ್ಮೆ ಬಿಲ್ ಬಂದಾಗ ಕಟ್ಟೋದು, ನಮ್ಮ ಮನಿಗೆ ಹೊಲಿಸಿ ಮಾಡಿದಂಗಿತ್ತು ಲೆಕ್ಕಾ. ನಾ ಪಾಟ್ಲಿ ಕೈಯಾಗ ತಗೊಂಡೆ. ಒಳಗಿನ ಬದಿ ತಿಕ್ಕಿ ತಿಕ್ಕಿ ಕನ್ನಡಿ ಆಗಿತ್ತು. ಅತ್ತಿ ಅಂದ್ಲು, "ಇಡ್ರಿ, ನಾ ಏನ ಉಟ್ಟ ತೊಟ್ಟ ಕುಣಿಬೇಕಾಗೇತಿ ಈ ವಯಸ್ಸಿನಾಗ. ಹಿಂದಕ್ಕ ನಿಮ್ಮ ಮಾವಾರು ಬೋರ್ ಹೊಡಸಾಕ ನನ್ನ ಬೋರಮಾಳ ಇಟ್ಟಿದ್ರು. ಬೋರಿಗೆ ನೀರ ಬಂತು, ಬೋರಮಾಳ ಬರಲಿಲ್ಲ." ಹಿಂಗಂತ ನಗಾಕತ್ಲು. ನಮಗ ಯಾರಿಗೂ ನಗಿ ಬರಲಿಲ್ಲ. ಇವರು ಗಂಟು ಕಟ್ಟಿ ತಿರುಗಿ ಟ್ರಂಕಿನಾಗ ಇಟ್ಟ ಬಂದ್ರು. ಲೆಕ್ಕದ ಪ್ರಕಾರ ಬಂಗಾರದ ಸಾಲ ತಪ್ಪಂತ ನಾ ಈಗೂ ಹೇಳೂದಿಲ್ಲ. ಆದ್ರ ತಿಂಗಳಾ ಕೇಳೋರ ಇಲ್ಲದ ಸಾಲಾ ನಮ್ಮಂಥವರ ಮನಿಯಾಗ ತೀರೂದಿಲ್ಲ, ಬಡ್ಡಿ ಅಷ್ಟ ಕಟ್ಟಿ ರಿನಿವಲ್ ಮಾಡಕೋತ ಹೋಗ್ತೀವಿ.

ಅಷ್ಟ್ರಾಗ ಆಗಸ್ಟ್ 15ಕ್ಕ ಕೆಂಪುಕೋಟೆ ಭಾಷಣದಾಗ ಜಿಎಸ್‌ಟಿ ಇಳಸ್ತೀವಿ ಅಂತ ಪ್ರಧಾನಿ ಹೇಳಿದ್ರು. ಸೆಪ್ಟೆಂಬರ್ 3ಕ್ಕ ಕೌನ್ಸಿಲ್ ಮೀಟಿಂಗ್ ಆಗಿ, 22ರಿಂದ ಸಣ್ಣ ಗಾಡಿಗೆ 18 ಪರ್ಸೆಂಟ್ ಅಂತ ಖಾತ್ರಿ ಆತು. ಸಣ್ಣ ಗಾಡಿ ಅಂದ್ರ ಉದ್ದ 4 ಮೀಟರ್ ಒಳಗ, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗ. ಮೊದಲ ಇದಕ್ಕ 28, ಮ್ಯಾಲ 1 ಸೆಸ್, ಒಟ್ಟ 29 ಇತ್ತು. 29ರಿಂದ 18ಕ್ಕ ಇಳದ್ರ ಬೆಲಿ 11 ಪರ್ಸೆಂಟ್ ಇಳಿತೈತಿ ಅಂತ ಸ್ಟಾಫ್ ರೂಮಿನಾಗ ಎಲ್ಲಾರೂ ಅಂದ್ರು, ಹಂಗಲ್ಲ, 129 ಇದ್ದದ್ದು 118 ಆಗ್ತೈತಿ, ಎಂಟೂವರಿ ಅಷ್ಟ. ನಾವು ನೋಡಿಟ್ಟಿದ್ದ 7 ಲಕ್ಷದ ಹೊಸಾ ಗಾಡಿ 6 ಲಕ್ಷ 40 ಸಾವಿರಕ್ಕ ಬಂತು. ತಮಾಷಿ ಅಂದ್ರ ವಿಜಯಪುರದವರ ಫೋನ್ ಅದ ವಾರ ಬಂತು, ಆ 2021ರ ಗಾಡಿ 35 ಸಾವಿರ ಕಡಿಮಿ ಮಾಡ್ತೀವಿ ಅಂತ. ಕಾಗದ ಬಂತೇನ್ರಿ ಅಂದೆ. ಫೋನ್ ಇಟ್ರು.

ಸೆಪ್ಟೆಂಬರ್ 22ಕ್ಕ ಎಲ್ಲಾರೂ ಶೋರೂಮಿಗೆ ಹೋದ್ರ ನಾ ಅವತ್ತಿಂದನ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಹೋದೆ. ಮಾಸ್ತರ ಮಂದಿಗೆಲ್ಲಾ ಗೊತ್ತೈತಿ ಆ ದಿನಗಳು, ಆ್ಯಪ್ ನಡಿಯೂದಿಲ್ಲ, ನೆಟ್‌ವರ್ಕ್ ಹುಡಕ್ಕೊಂಡು ಮಾಳಗಿ ಹತ್ತಬೇಕು, ಒಂದೊಂದ ಮನಿಗೆ ಒಂದೊಂದ ತಾಸು. ದಸರಾಕ್ಕ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದ್ರ ಅತ್ತಿ ಪಾಟ್ಲಿ ನೆನಪ ಮಾಡಿ ನಕ್ಲು. ಕಡೀಕ ಅಕ್ಟೋಬರ್ 5, ರವಿವಾರ ಅರ್ಧಾ ದಿನ ಬಿಡುವ ಮಾಡ್ಕೊಂಡು ಶೋರೂಮಿಗೆ ಹೋದ್ವಿ.

ಸೇಲ್ಸ್ ಹುಡುಗ ನೀರ ಕೊಟ್ಟ, ಚಾ ಕೊಟ್ಟ, ಮಾತ ಮಾತ್ರ ಎಲ್ಲಾ ಇವರ ಜೋಡಿ. "ಸರ, ಬಜೆಟ್ ಎಷ್ಟು? ಸರ, ಲೋನ್ ಎಷ್ಟ ವರ್ಷಕ್ಕ ಮಾಡೂಣು?" ನನ್ನ ಕಡೆ ತಿರುಗಿ ಕೇಳಿದ್ದು ಒಂದ, "ಮೇಡಮ್, ಕಲರ್ ಯಾವುದು?" ಇವರು ಅಂದ್ರು, "ಅವರನ್ನ ಕೇಳಪ್ಪಾ, ಕಟ್ಟೋರು ಅವರು." ಅಲ್ಲಿಂದ ಖುರ್ಚಿ ನನ್ನ ಕಡೆ ತಿರುಗಿತು.

ಕೊಟೇಷನ್ ತಗೊಂಡು ಒಂದೊಂದ ಸಾಲು ಓದಿದೆ. ಎಕ್ಸ್-ಶೋರೂಮ್ 6,40,000. ಲೈಫ್ ಟ್ಯಾಕ್ಸ್ ನಮ್ಮ ರಾಜ್ಯದಾಗ 5ರಿಂದ 10 ಲಕ್ಷದ ಗಾಡಿಗೆ 14 ಪರ್ಸೆಂಟ್, ಮ್ಯಾಲ ಸೆಸ್, ಹತ್ತತ್ರ 1 ಲಕ್ಷ, ಅದಕ್ಕ ಏನೂ ಮಾಡಾಕ ಬರೂದಿಲ್ಲ. ಇನ್ಶೂರೆನ್ಸ್ 38 ಸಾವಿರ. ಆಕ್ಸೆಸರೀಸ್ 14 ಸಾವಿರ. ಹ್ಯಾಂಡ್ಲಿಂಗ್ ಚಾರ್ಜ್ 6,500. "ಇದೇನಪ್ಪಾ ಹ್ಯಾಂಡ್ಲಿಂಗ್?" "ಮೇಡಮ್, ಗಾಡಿ ಗೋಡೌನಿಂದ ಇಲ್ಲಿ ತನಕ ತರಸೋದು..." "ಹಂಗಾರ ನಾವ ಗೋಡೌನಿಗೆ ಬಂದ ಒಯ್ತೀವಿ ಬಿಡು." ಮ್ಯಾನೇಜರ್ ಕಡೆ ಹೋಗಿ ಬಂದು ಹೊಡದ ಹಾಕಿದ. ಸೀಟ್ ಕವರ್ ಊರಾಗ ಹಾಕಸ್ತೀವಿ ಅಂತ ಆಕ್ಸೆಸರೀಸ್ ಬ್ಯಾಡ ಅಂದೆ. ಇನ್ಶೂರೆನ್ಸ್ ಹೊರಗ ಕೇಳಿಸಿದ್ರ ಅದ ಕವರೇಜ್, ಜೀರೋ ಡೆಪ್ (ಬಿಡಿಭಾಗ ಹಳೇವಾದ್ವು ಅಂತ ಕ್ಲೇಮಿನಾಗ ಕಡಿತ ಮಾಡೂದಿಲ್ಲ), ಮೂರ ವರ್ಷದ ಥರ್ಡ್ ಪಾರ್ಟಿ ಕೂಡಿ 29,500. ಅವರ ಕಡೇನ ತಗೋಬೇಕಂತ ರೂಲ್ ಇಲ್ಲ, ಆದ್ರ ಇಲ್ಲಿ ತಗೊಳ್ದಿದ್ರ ಡೆಲಿವರಿ ತಡಾ ಆಗ್ತೈತಿ ಅಂತ ಹೆದರಸಿದ್ರು. ಆಗಲಿ ಅಂದೆ. ಎಲ್ಲಾ ಕೂಡಿ 7 ಲಕ್ಷ 72 ಸಾವಿರಕ್ಕ ನಿಂತಿತು. ಹಳೆ ಗಾಡಿಗೆ ಎಕ್ಸ್‌ಚೇಂಜ್ 67 ಸಾವಿರ. ಪಿಗ್ಮಿ ವರ್ಷ ತುಂಬೋಕಿಂತ ಮೊದಲ ತಗದದ್ದಕ್ಕ ಬಡ್ಡಿ ಇಲ್ಲ, ಕಮಿಷನ್ ಹಿಡದು 55 ಸಾವಿರ ಚಿಲ್ಲರೆ ಕೊಟ್ರು. ಎಫ್‌ಡಿ ಒಂದೂವರಿ ಲಕ್ಷ. ಟೀಚರ್‌ಗಳ ಭಿಶಿ, ಅಂದ್ರ ತಿಂಗಳಾ ಎಲ್ಲಾರೂ ಕೂಡಿ ಹಾಕೂ ಚೀಟಿ, ಆ ತಿಂಗಳು ನಂದ ಎತ್ತಿದ್ದು, 50 ಸಾವಿರ. ಉಳಿದದ್ದು ನಾಕೂವರಿ ಲಕ್ಷ, ಇದಕ್ಕ ಸಾಲ.

ಶೋರೂಮಿನವರಿಗೆ ಒಂದ ಟೈ-ಅಪ್ ಬ್ಯಾಂಕು. ನಾ ನನ್ನ ಪಗಾರ ಬರೂ ಬ್ಯಾಂಕಿಗೆ ಹೋದೆ. ಅಲ್ಲಿ ಮೊದಲ ಆಘಾತ ಇವರ ಸಿಬಿಲ್, ಅಂದ್ರ ಸಾಲ ಹೆಂಗ ಕಟ್ಟ್ಯಾರ ಅನ್ನೋದರ ಸ್ಕೋರ್. ಇವರು ಒಂದ ರೂಪಾಯಿ ಬಾಕಿ ಇಟ್ಟವರಲ್ಲ, ಸ್ಕೋರ್ ನೋಡಿದ್ರ 640. ಯಾಕಂದ್ರ ದೊಡ್ಡಪ್ಪನ ಮಗಗ ಟ್ರ್ಯಾಕ್ಟರ್ ಸಾಲಕ್ಕ ಜಾಮೀನು ನಿಂತಿದ್ರು, ಅವ ನಾಕ ಕಂತು ತಪ್ಪಿಸಿದ್ದ. ಮನಿಗೆ ಬಂದ ಕೇಳಿದ್ರ "ಅಣ್ಣ ತಮ್ಮರಾಗ ಇಲ್ಲ ಅನ್ನಾಕ ಬರ್ತೈತೇನು" ಅಂದ್ರು. ನಂದು 780 ಇತ್ತು, ನನ್ನ ಒಬ್ಬಾಕಿ ಹೆಸರಲೆ ಅರ್ಜಿ ಹಾಕಿದ್ವಿ. ಎಚ್‌ಆರ್‌ಎಂಎಸ್ ಪಗಾರ ಚೀಟಿ, ಫಾರ್ಮ್ 16, ಆರ ತಿಂಗಳ ಸ್ಟೇಟ್‌ಮೆಂಟ್. ಇಲಾಖೆಗೂ ಒಂದ ಅರ್ಜಿ ಬರಕೊಟ್ಟೆ, ಸರ್ಕಾರಿ ನೌಕರದಾರರು ಗಾಡಿ ತಗೊಂಡ್ರ ತಿಳಸಬೇಕು, ವರ್ಷಾ ಕೊಡೂ ಆಸ್ತಿ-ಸಾಲದ ಪಟ್ಟಿಯಾಗ ಬರಿಬೇಕು, ಇದನ್ನ ಭಾಳ ಮಂದಿ ಮರೀತಾರ.

ಬಡ್ಡಿ 9, ಫ್ಲೋಟಿಂಗ್, ಅಂದ್ರ ನಡುವ ಏರಬಹುದು ಇಳಿಬಹುದು. ಆ ವರ್ಷ ರಿಸರ್ವ್ ಬ್ಯಾಂಕ್ ಫೆಬ್ರುವರಿ, ಏಪ್ರಿಲ್, ಜೂನ್ ಮೂರ ಸಲ ರೆಪೊ, ಅಂದ್ರ ಬ್ಯಾಂಕುಗಳಿಗೆ ತಾ ಕೊಡೂ ಸಾಲದ ಬಡ್ಡಿ, ಇಳಿಸಿ 6.5 ಇದ್ದದ್ದು 5.5 ಆಗಿತ್ತು, ಅದಕ್ಕ ಇಷ್ಟಕ್ಕ ಸಿಕ್ಕಿತು. ಐದ ವರ್ಷಕ್ಕ ಕಂತು 9,341. ಕ್ಯಾಲೆಂಡರದಾಗ ಬರದ 9,500ರ ಒಳಗ! ಶೋರೂಮ್ ಹುಡುಗ ಫೋನ್ ಮಾಡಿ "ಏಳ ವರ್ಷ ಮಾಡ್ರಿ ಮೇಡಮ್, 7,240 ಅಷ್ಟ ಆಗ್ತೈತಿ, ಅದರಾಗ ಮ್ಯಾಲಿನ ಮಾಡೆಲ್ ಬರ್ತೈತಿ" ಅಂದ. ಏಳ ವರ್ಷಕ್ಕ ಬಡ್ಡೀನ 1 ಲಕ್ಷ 58 ಸಾವಿರ, ಐದಕ್ಕ 1 ಲಕ್ಷ 10 ಸಾವಿರ, 48 ಸಾವಿರ ನಂದ ಜಾಸ್ತಿ ಹೋಗ್ತೈತಪ್ಪಾ ಅಂದ್ರ ಅವ ಗಪ್ ಆದ. ಅವಗ ಹೇಳಿ ಫೋನ್ ಇಟ್ಟ ಮ್ಯಾಲ ಹಳೆ ಟೆಸ್ಟ್ ಪೇಪರ್ ತಗದ ನೋಡಿದೆ. ವಿಜಯಪುರದ ಹಳೆ ಗಾಡಿಗೆ ಕಂತು 9,625, ಬಡ್ಡಿ 1 ಲಕ್ಷ 12 ಸಾವಿರ. ಹೊಸಾ ಗಾಡಿಗೆ ಕಂತು 9,341, ಬಡ್ಡಿ 1 ಲಕ್ಷ 10 ಸಾವಿರ. ವರ್ಷ ಒಂದ ಹೆಚ್ಚು, ಕೈಯಿಂದ ಹಾಕಿದ್ದೂ ಹೆಚ್ಚು, ಖರೇ. ಆದ್ರೂ ಹಳೇದು ಸಸ್ತಾ ಅಂತ ನಾವು ಹೋಗಿದ್ವಲ್ಲಾ ಅನಿಸ್ತು.

ಬ್ಯಾಂಕಿನವರೂ ಏನ ಸಾಚಾ ಅಲ್ಲ. ಸಹಿ ಮಾಡೋಕಿಂತ ಮೊದಲ ನಾ ಕೆಎಫ್‌ಎಸ್ ಕೊಡ್ರಿ ಅಂದೆ, ಅಂದ್ರ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. 2024ರ ಅಕ್ಟೋಬರ್ 1ರಿಂದ ಇದನ್ನ ಕೊಡಲೇಬೇಕಂತ ರಿಸರ್ವ್ ಬ್ಯಾಂಕ್ ರೂಲ್ ಐತಿ, ಓದಿ ವಿಚಾರ ಮಾಡಾಕ ಕಮ್ಮಿ ಅಂದ್ರೂ 3 ಕೆಲಸದ ದಿನ ಟೈಮ್ ಇರ್ತೈತಿ. ಅದರಾಗ ಎಪಿಆರ್ ಅಂತ ಒಂದ ಸಾಲು, ಫೀ-ಗೀ ಎಲ್ಲಾ ಕೂಡಿಸಿ ಖರೇ ಬಡ್ಡಿ ಎಷ್ಟ ಬೀಳ್ತೈತಿ ಅನ್ನೋದು. 9 ಅಂದವರ ಕಾಗದದಾಗ 10 ದಾಟಿತ್ತು. ಕೆಳಗ ನೋಡ್ಕೋತ ಹೋದ್ರ ಲೋನ್ ಇನ್ಶೂರೆನ್ಸ್ ಅಂತ 11 ಸಾವಿರದ ಮ್ಯಾಲ ಹಾಕಿ ಕುಂತಾರ, ನಾ ಕೇಳೂ ಇಲ್ಲ ಅವರ ಹೇಳೂ ಇಲ್ಲ. "ಎಲ್ಲಾರಿಗೂ ಹಾಕ್ತೀವಿ ಮೇಡಮ್, ನಿಮ್ಮ ಸೇಫ್ಟಿಗೆ." ನಂಗ ಟರ್ಮ್ ಪಾಲಿಸಿ ಐತ್ರಿ, ತಗೀರಿ ಅಂದೆ. ಎರಡ ದಿನ ಓಡಾಡಿಸಿ ತಗದ್ರು. ಕಂತಿನ ತಾರೀಕು 5 ಇತ್ತು, ನಮ್ಮ ಪಗಾರ ಒಮ್ಮೊಮ್ಮೆ 6-7ಕ್ಕ ಬರ್ತೈತಿ, ಅದನ್ನ 10ಕ್ಕ ಮಾಡಿಸಿದೆ. ನಡುವ ಕಟ್ಟಿದ್ರ ದಂಡ ಇಲ್ಲ ಅನ್ನೋದನ್ನೂ ಬಾಯಿಮಾತಿಲೆ ಅಲ್ಲ, ಅದ ಕಾಗದದಾಗ ಬೆರಳ ಇಟ್ಟ ತೋರಸ್ರಿ ಅಂದು ನೋಡಿದೆ.

ದೀಪಾವಳಿ ಪಾಡ್ಯಾ, ಅಕ್ಟೋಬರ್ 22ಕ್ಕ ಗಾಡಿ ಬಂತು. ಪೂಜಾ, ಲಿಂಬಿಹಣ್ಣು, ಪೇಢೆ, ಅದೆಲ್ಲಾ ಎಲ್ಲಾರ ಮನಿಯಾಗೂ ಇದ್ದದ್ದ.

ಅಕ್ಟೋಬರ್ ಮುಗಿಯಾಕ ಬಂದಾಗ ಕಬ್ಬಿನ ದರಕ್ಕ ಗುರ್ಲಾಪುರ ಕ್ರಾಸಿನಾಗ ಹೋರಾಟ ಸುರು ಆತು. ಟನ್ನಿಗೆ 3,500 ಕೇಳಿದ್ರು, ಕಡೀಕ 3,300ಕ್ಕ ಬಂತು. ನಮ್ಮ ಮನಿಯವರೂ ಎರಡ ದಿನ ಹೋಗಿ ಕುಂತ ಬಂದ್ರು, ಬಸ್ಸಿನಾಗ ಹೋದ್ರು, ಹೊಸಾ ಗಾಡಿ ಒಯ್ಯಲಿಲ್ಲ. ಕಟಾವು ಹಿಂದ ಬಿತ್ತು, ಡಿಸೆಂಬರ್ ಸುರುವಾತಿಗೆ ಕಬ್ಬು ಹೋತು, ನಡುವ ನವೆಂಬರ್ 10, ಡಿಸೆಂಬರ್ 10, ಜನವರಿ 10, ಮೂರೂ ಕಂತು ನನ್ನ ಪಗಾರದಾಗ ಹೋದವು. ಹುಸಿ ಕಂತು ಕಟ್ಟಿ ರೂಢಿ ಆಗಿತ್ತು, ಹೋದದ್ದ ಗೊತ್ತಾಗಲಿಲ್ಲ ಅಂದ್ರ ಸುಳ್ಳ ಹೇಳಿದಂಗ, ಗೊತ್ತಾತು, ಆದ್ರ ಪಿಗ್ಮಿಯವಗ "ನಾಳೆ ಬಾ" ಅಂದಂಗ ಅನ್ನೂ ಪ್ರಸಂಗ ಬರಲಿಲ್ಲ.

14 ದಿನದ ಬಿಲ್ಲು ಜನವರಿ ಎರಡನೇ ವಾರ ದಾಟಿ ಬಂತು. ಕಟಾವಿಂದು, ಗೊಬ್ಬರದ ಅಂಗಡಿದು, ಬೆಳೆ ಸಾಲದ್ದು ಕೊಟ್ಟು 60 ಸಾವಿರ ಅವರು ನನ್ನ ಕೈಯಾಗ ಇಟ್ರು. ಬ್ಯಾಂಕಿನ ಆ್ಯಪಿನಾಗ ಪಾರ್ಟ್ ಪೇಮೆಂಟ್ ಅಂತ ಬಟನ್ ಹುಡಕಿ ಸಾಕಾತು, ಸಿಗಲಿಲ್ಲ, ಬ್ರ್ಯಾಂಚಿಗೆ ಹೋಗಿ ಒಂದ ಅರ್ಜಿ ಬರದ ಕೊಡಬೇಕಂತ. ಕೌಂಟರಿನ ಹುಡುಗಿ ಕೇಳಿದ್ಲು, "ಮೇಡಮ್, ಕಂತು ಕಡಿಮಿ ಮಾಡೋದೋ, ತಿಂಗಳು ಕಡಿಮಿ ಮಾಡೋದೋ?" ಕಂತು ಅಷ್ಟ ಇರಲಿ, ತಿಂಗಳು ಕಡಿಮಿ ಮಾಡವಾ ಅಂದೆ. ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದ್ಲು, ಉಳಿದ 57 ಕಂತು 48 ಆಗಿದ್ದು.

ಹೊರಗ ಬಂದು ಇವರಿಗೆ ಫೋನ್ ಮಾಡಿದ್ರ ಹೊಲದಾಗ ಇದ್ರು, ಕುಳೆ ಕಬ್ಬಿಗೆ ನೀರ ಬಿಟ್ಟಿದ್ರು. "ಒಂಬತ್ತ ಕಂತು ಹೋದವ್ರಿ" ಅಂದೆ. "ಹೌದಾ" ಅಂದ್ರು, "ಮೋಟರ್ ಕೆಟ್ಟೈತಿ, ಒಂದ 4 ಸಾವಿರ ಇದ್ರ ಹಾಕು."